ಹಳೆಯ ಆರ್‌ಎಕ್ಸ್ 100ರ ಪೆಟ್ರೋಲ್ ಕಾಕ್: ಎರಡು ಸಲ ತಪ್ಪಿ ಕಲಿತ ಕೆಲಸ

ಕಾಸರಗೋಡಿನ ಪೆರ್ಲದಲ್ಲಿ ನಾನು ಬೈಕುಗಳ ವರ್ಕ್‌ಶಾಪ್ ನಡೆಸುತ್ತಿದ್ದೇನೆ. ನಮ್ಮ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಹಳೆಯ ಟೂ ಸ್ಟ್ರೋಕ್ ಬೈಕುಗಳು ಇನ್ನೂ ಇವೆ. ಮಾರಲು ಮನಸ್ಸು ಬಾರದೆ, ದಿನವೂ ಓಡಿಸಲು ಆಗದೆ, ಜಗಲಿಯ ಕೊನೆಯಲ್ಲೋ ಕೊಟ್ಟಿಗೆಯ ಮಾಡಿನ ಅಡಿಯಲ್ಲೋ ನಿಂತಿರುತ್ತವೆ. ಕಳೆದ ಬೇಸಗೆಯ ಕೊನೆಯಲ್ಲಿ ನಿವೃತ್ತ ಅಧ್ಯಾಪಕರೊಬ್ಬರು ತಂದ ಯಮಹಾ ಆರ್‌ಎಕ್ಸ್ 100 ಅಂಥದ್ದೇ. 1985ರಿಂದ 1996ರವರೆಗೆ ನಮ್ಮ ದೇಶದಲ್ಲಿ ತಯಾರಾದ ಈ ಮಾದರಿಯನ್ನು ನಾನು ಕೆಲಸ ಕಲಿಯುವ ಕಾಲದಿಂದಲೂ ಬಿಚ್ಚಿ ಜೋಡಿಸಿದವನು. ಆ ಸಲುಗೆಯೇ ನನ್ನನ್ನು ದಾರಿ ತಪ್ಪಿಸಿತು.

ಕಾರ್ಬುರೇಟರ್‌ನಿಂದ ಪೆಟ್ರೋಲ್ ಸೋರುತ್ತದೆ ಎಂಬುದು ಅವರ ದೂರು. ಓವರ್‌ಫ್ಲೋ ಪೈಪಿನಿಂದ ಹನಿ ಬೀಳುತ್ತಿತ್ತು, ಬಿಚ್ಚಿದರೆ ಒಳಗೆ ಪೆಟ್ರೋಲ್ ಸಾಕಷ್ಟು ತುಂಬಿದಾಗ ದಾರಿ ಮುಚ್ಚುವ ಫ್ಲೋಟ್ ಪಿನ್ನಿನ ತುದಿಯಲ್ಲಿ ಸವೆತದ ಗೆರೆಯೂ ಕಂಡಿತು. ಪಿನ್ ಬದಲಿಸಿ ಕೊಟ್ಟೆ. ಹತ್ತು ದಿನ ಕಳೆದು ಫೋನ್ ಬಂತು: “ವಾಸನೆ ಇನ್ನೂ ಉಂಟು ಮಾರಾಯ್ರೇ, ಬೆಳಿಗ್ಗೆ ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ.” ಬೈಕ್ ನಿಲ್ಲಿಸುವಾಗ ಕಾಕ್, ಅಂದರೆ ಟ್ಯಾಂಕಿನ ಅಡಿಯ ಪೆಟ್ರೋಲ್ ನಲ್ಲಿ, ಬಂದ್ ಮಾಡುತ್ತೀರಾ ಎಂದು ಆಗ ಕೇಳಿದೆ. ಪ್ರತಿ ಸಂಜೆ ತಪ್ಪದೆ ಮಾಡುತ್ತೇನೆ ಎಂದರು. ಮೊದಲ ದಿನವೇ ಈ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕಾಕ್ ಸರಿಯಾಗಿ ಮುಚ್ಚಿದ್ದರೆ ಫ್ಲೋಟ್ ಪಿನ್ ಎಷ್ಟೇ ಕೆಟ್ಟಿರಲಿ, ಪೈಪಿನಲ್ಲಿ ಉಳಿದ ಅಷ್ಟು ಪೆಟ್ರೋಲ್ ಮಾತ್ರ ಹೋಗಬಹುದು. ರಾತ್ರಿಯಿಡೀ ಸೋರಲು, ಎಂಜಿನ್ನಿನ ಒಳಗಿಳಿದು ಪ್ಲಗ್ ಒದ್ದೆಯಾಗಲು ಸಾಧ್ಯವಿಲ್ಲ.

ಮನೆಗೆ ಹೋಗಿ ನೋಡಿದಾಗ ನನಗೆ ನಿಜವಾಗಿ ಭಯವಾಯಿತು. ಬೈಕ್ ನಿಲ್ಲುತ್ತಿದ್ದ ಜಾಗದಿಂದ ಬಚ್ಚಲ ಒಲೆಗೆ ಹತ್ತು ಹೆಜ್ಜೆಯೂ ಇರಲಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ಅದು ಮೇಲೇರಿ ಚದುರದೆ ನೆಲ ಹಿಡಿದೇ ಹರಿಯುತ್ತದೆ, ದೂರದ ಕಿಡಿಯನ್ನೂ ಮುಟ್ಟುತ್ತದೆ. ಬೈಕನ್ನು ಅಂದೇ ಅಂಗಳದ ಆಚೆ ಬದಿಗೆ ಸಾಗಿಸಿದೆವು.

ಈ ಕಾಕಿನ ಒಳಗೆ ಹೆಚ್ಚೇನೂ ಇಲ್ಲ. ನಾಲ್ಕು ತೂತಿನ ಒಂದು ರಬ್ಬರ್, ಅದರ ಮೇಲೆ ತಿರುಗುವ ಲಿವರ್, ಲಿವರನ್ನು ಒತ್ತಿ ಹಿಡಿಯುವ ಅಲೆಯಾಕಾರದ ಸ್ಪ್ರಿಂಗ್ ವಾಷರ್, ಎಲ್ಲವನ್ನೂ ಮುಚ್ಚುವ ತಗಡು ಮತ್ತು ಎರಡು ಸಣ್ಣ ಸ್ಕ್ರೂ. ಟ್ಯಾಂಕಿನ ಒಳಗೆ ಎತ್ತರದ ಕೊಳವೆಯ ತುದಿಯಿಂದ ಮೇನ್, ತಳದ ಬಳಿಯಿಂದ ರಿಸರ್ವ್ ಬರುತ್ತದೆ. ರಬ್ಬರ್ ಕೆಟ್ಟರೆ ಹೊರಗೆ ಒಂದು ಹನಿಯೂ ಕಾಣದೆ ಒಳಗೊಳಗೇ ಒಂದು ತೂತಿನಿಂದ ಇನ್ನೊಂದಕ್ಕೆ ಪೆಟ್ರೋಲ್ ದಾಟುತ್ತದೆ. ಹಾಗಾದಾಗ ಬಂದ್ ಎಂಬುದು ಬಂದ್ ಅಲ್ಲ; ಮೇನ್‌ನಲ್ಲಿ ಓಡುತ್ತಿರುವಾಗಲೇ ರಿಸರ್ವ್ ಕೂಡ ಖಾಲಿಯಾಗಿರುತ್ತದೆ, ಸವಾರನಿಗೆ ಅದು ತಿಳಿಯುವುದು ದಾರಿಯ ನಡುವೆ.

ಕಾಕ್ ಬಿಚ್ಚಿದೆ. ಹಳೆಯ ರಬ್ಬರ್ ಒಂದು ಬದಿಯಲ್ಲಿ ಉಬ್ಬಿ, ಇನ್ನೊಂದು ಬದಿಯಲ್ಲಿ ಬಿರುಕು ಬಿಟ್ಟಿತ್ತು. ಹೊಸದನ್ನು ಹಾಕಿದೆ, ಸೋರಿಕೆ ನಿಂತಿತು, ಹಣವನ್ನೂ ತೆಗೆದುಕೊಂಡೆ. ಹದಿನೈದು ದಿನಕ್ಕೆ ಬೈಕ್ ಮತ್ತೆ ಬಂತು. ಅದು ನನ್ನ ಎರಡನೆಯ ತಪ್ಪು.

ಈ ಸಲ ಹೊಸ ರಬ್ಬರನ್ನು ಬೆಳಕಿಗೆ ಹಿಡಿದು ನೋಡಿದೆ. ಲಿವರ್ ತಿರುಗುವ ಹಾದಿಯಲ್ಲೇ ಬಿಲ್ಲಿನಂತೆ ಬಾಗಿದ ಮೂರು ಸಣ್ಣ ಗೀರುಗಳಿದ್ದವು. ಲಿವರಿನ ಒಳಮುಖವನ್ನು ಒರೆಸಿ ಉಗುರು ಎಳೆದರೆ ತರಿತರಿಯಾಗಿ ಸಿಕ್ಕಿತು; ಬಿಳಿ ಪುಡಿ ಕಟ್ಟಿ ಲೋಹದಲ್ಲಿ ಕುಳಿ ಬಿದ್ದಿತ್ತು. ರಬ್ಬರನ್ನು ಕೊಯ್ಯುತ್ತಿದ್ದುದು ಆ ಮುಖ. ನಾನು ಎಷ್ಟು ರಬ್ಬರ್ ಹಾಕಿದ್ದರೂ ಅದು ಅಷ್ಟನ್ನೂ ಕೊಯ್ಯುತ್ತಿತ್ತು.

ಕುಳಿ ಬೀಳಲು ಕಾರಣ ಟ್ಯಾಂಕಿನ ತಳದ ನೀರು. ಪೆಟ್ರೋಲಿಗೆ ಬೆರೆಸುವ ಎಥನಾಲ್ ಪ್ರಮಾಣ 2022ರ ಜೂನ್ ಹೊತ್ತಿಗೆ ದೇಶದಲ್ಲಿ ಶೇಕಡಾ 10ಕ್ಕೆ, 2025ರಲ್ಲಿ ಶೇಕಡಾ 20ಕ್ಕೆ ಮುಟ್ಟಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ನೀರು ಮಿತಿ ಮೀರಿದಾಗ ನೀರನ್ನೂ ಕೂಡಿಕೊಂಡು ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಕಾಸರಗೋಡಿನಲ್ಲಿ, ಅರ್ಧ ಖಾಲಿ ಟ್ಯಾಂಕಿನೊಂದಿಗೆ ತಿಂಗಳುಗಟ್ಟಲೆ ನಿಲ್ಲುವ ಬೈಕಿಗೆ ಇದು ದೊಡ್ಡ ಕಾಟ. ಎಥನಾಲಿನ ಕಲ್ಪನೆಯೇ ಇಲ್ಲದ ಕಾಲದ ರಬ್ಬರ್ ಇದನ್ನು ತಾಳುವುದಿಲ್ಲ. ಸಿಕ್ಕಿದರೆ ಎಥನಾಲನ್ನು ತಾಳುವ ವೈಟಾನ್ ಎಂಬ ರಬ್ಬರಿನದನ್ನೇ ಹಾಕಬೇಕೆಂದು ನಾನು ಈಗ ಹಟ ಹಿಡಿಯುತ್ತೇನೆ.

ಲಿವರಿನ ಮುಖವನ್ನು ಸರಿ ಮಾಡಲು ಕಿಟಕಿ ಗಾಜಿನ ತುಂಡಿನ ಮೇಲೆ ಮೊದಲು 600ರ, ಬಳಿಕ ಇನ್ನೂ ನಯವಾದ 1000ದ ವಾಟರ್ ಪೇಪರ್ (ಉಜ್ಜುಕಾಗದ) ಹಾಸಿ, ಎರಡು ಹನಿ ಎಣ್ಣೆ ಬಿಟ್ಟು, ಎಂಟರ ಆಕಾರದಲ್ಲಿ ಹಗುರವಾಗಿ ಉಜ್ಜಿದೆ. ಕೈಯಲ್ಲಿ ಹಿಡಿದ ಪೇಪರಿನಿಂದ ಉಜ್ಜಿದರೆ ಅಂಚು ತಗ್ಗಿ ಮುಖ ಗುಂಡಗಾಗುತ್ತದೆ, ಗಾಜು ಬೇಕೇ ಬೇಕು. ಮುಖದ ತುಂಬ ಒಂದೇ ಬಣ್ಣ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಚಪ್ಪಟೆಯಾಗಿದ್ದ ಸ್ಪ್ರಿಂಗ್ ವಾಷರನ್ನೂ ಬದಲಿಸಿದೆ. ಇಲ್ಲಿ ಗ್ಯಾಸ್ಕೆಟ್ ಅಂಟು ಬಳಿಯುವವರಿದ್ದಾರೆ, ದಯವಿಟ್ಟು ಬೇಡ. ಅದು ಪೆಟ್ರೋಲಿನಲ್ಲಿ ಮೆತ್ತಗಾಗಿ ಕಳಚಿ, ಕಾರ್ಬುರೇಟರಿನ ಒಳಗೆ ಪೆಟ್ರೋಲ್ ಹಾಯುವ ಜೆಟ್ಟಿನ ಸಣ್ಣ ತೂತನ್ನು ಮುಚ್ಚುತ್ತದೆ.

ಬೈಕಿಗೆ ಕೂರಿಸಿದ ಮೇಲೆ ಕಾಕಿನ ಪೈಪನ್ನು ಕಾರ್ಬುರೇಟರ್‌ಗೆ ಸಿಕ್ಕಿಸದೆ ಒಣ ಗಾಜಿನ ಬಾಟಲಿಗೆ ಇಳಿಬಿಟ್ಟು, ಬಂದ್ ಮಾಡಿ ರಾತ್ರಿ ಇಟ್ಟೆ. ಬೆಳಿಗ್ಗೆ ಬಾಟಲಿ ಒಣಗಿಯೇ ಇತ್ತು. ಮೇನ್‌ಗೆ ತಿರುಗಿಸಿದಾಗ ಒಂದು ಹಂತದಲ್ಲಿ ಹರಿವು ಪೂರ್ತಿ ನಿಂತು, ರಿಸರ್ವ್‌ಗೆ ತಿರುಗಿಸಿದೊಡನೆ ಮತ್ತೆ ಹರಿಯಿತು. ಹಿಂದಿನ ಎರಡು ಸಲದ ಹಣವನ್ನು ಇದರಲ್ಲಿ ಕಳೆದು, ಲೆಕ್ಕವನ್ನು ಅಧ್ಯಾಪಕರಿಗೆ ಬರೆದು ಕೊಟ್ಟೆ.

ಮಳೆಗಾಲದ ಆಟಿ ತಿಂಗಳು ಪೂರ್ತಿ ಬೈಕ್ ನಿಂತೇ ಇತ್ತು. ಅವರು ಅದರ ಅಡಿಗೆ ಹಳೆಯ ಪತ್ರಿಕೆ ಹಾಸಿದ್ದರಂತೆ, ಕಲೆ ಬಿದ್ದಿಲ್ಲ ಎಂದು ತಿಳಿಸಿದರು. ಆದರೆ ಟ್ಯಾಂಕಿನ ಒಳಗಿನ ತುಕ್ಕು ಹಾಗೆಯೇ ಇದೆ, ಅದನ್ನು ತೊಳೆಯುವ ಕೆಲಸ ಬಾಕಿ ಇದೆ. ಅಡಿಕೆ ಕೊಯ್ಲು ಮುಗಿದ ಮೇಲೆ ತರುತ್ತೇನೆ ಎಂದಿದ್ದಾರೆ.