ಹೈವೇಲಿ ಸರಿ ಹೋಗೋ ಗಾಡಿ ಯು-ಟರ್ನ್‌ನಲ್ಲಿ ಯಾಕೆ ವಾಲುತ್ತೆ?

ಬೈಕ್ ಹೊಸದಾಗಿ ಕಲಿತವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. "ಎಂಬತ್ತರಲ್ಲಿ ಹೋದ್ರೂ ಭಯ ಇಲ್ಲ. ಟ್ರಾಫಿಕ್‌ನಲ್ಲಿ ನಿಧಾನ ಮಾಡಿದ ತಕ್ಷಣ ಗಾಡಿ ವಾಲುತ್ತೆ, ಕಾಲು ತಾನಾಗೇ ಕೆಳಗೆ ಬರುತ್ತೆ. ಏನ್ ಮಾಡ್ಲಿ?"

ನನ್ನ ಉತ್ತರ: ಕ್ಲಚ್ ಪೂರ್ತಿ ಒತ್ತಬೇಡಿ. ಹಾಫ್ ಕ್ಲಚ್‌ನಲ್ಲಿ ಇಂಜಿನ್ ಎಳೆಯುತ್ತಿರಲಿ, ಹಿಂದಿನ ಬ್ರೇಕ್ ಅದನ್ನು ಹಿಡಿದಿರಲಿ.

ಶಾಲೆಯಲ್ಲಿ ಸ್ಲೋ ಸೈಕಲ್ ರೇಸ್ ನೋಡಿರುತ್ತೀರಿ ಅಲ್ವಾ? ಅದರಲ್ಲಿ ಗೆಲ್ಲುವ ಹುಡುಗಿ ಪೆಡಲ್ ತುಳಿಯುವುದನ್ನು ಬಿಡುವುದಿಲ್ಲ. ಬ್ರೇಕ್ ಹಿಡಿದುಕೊಂಡೇ ತುಳಿಯುತ್ತಾಳೆ, ಹ್ಯಾಂಡಲ್ ಆಚೆ ಈಚೆ ಆಡಿಸುತ್ತಿರುತ್ತಾಳೆ. ಗಾಡಿ ವಾಲಿದ ಕಡೆಗೇ ಹ್ಯಾಂಡಲ್ ತಿರುಗಿಸಿದರೆ ಚಕ್ರ ಮತ್ತೆ ನಮ್ಮ ಭಾರದ ಕೆಳಗೆ ಬರುತ್ತದೆ. ವೇಗ ಇದ್ದಾಗ ಕೂದಲೆಳೆಯಷ್ಟು ತಿರುಗಿಸಿದರೂ ಸಾಕು, ನಮಗೆ ಗೊತ್ತೂ ಆಗುವುದಿಲ್ಲ. ನಡಿಗೆಯ ವೇಗದಲ್ಲಿ ಜಾಸ್ತಿ ತಿರುಗಿಸಬೇಕು. ಗಾಡಿ ಮುಂದಕ್ಕೇ ಹೋಗದಿದ್ದರೆ ಎಷ್ಟು ತಿರುಗಿಸಿದರೂ ಉಪಯೋಗವಿಲ್ಲ. ಕ್ಲಚ್ ಪೂರ್ತಿ ಒತ್ತಿದಾಗ ಆಗುವುದು ಅದೇ.

"ಹಾಫ್ ಕ್ಲಚ್‌ನಲ್ಲಿ ಓಡಿಸಿದ್ರೆ ಪ್ಲೇಟ್ ಹೋಗಲ್ವಾ?" ದಿನವಿಡೀ ಹಾಗೇ ಓಡಿಸಿದರೆ ಹೋಗುತ್ತದೆ, ನಿಜ. ಆದರೆ ನಮ್ಮ ಬಹುತೇಕ ಬೈಕ್‌ಗಳಲ್ಲಿ ಕ್ಲಚ್ ಪ್ಲೇಟ್‌ಗಳು ಆಯಿಲ್‌ನಲ್ಲಿ ನೆನೆಯುತ್ತಿರುತ್ತವೆ. ಹತ್ತು ನಿಮಿಷದ ಅಭ್ಯಾಸ ತಡೆದುಕೊಳ್ಳುತ್ತವೆ. ಆಮೇಲೆ ನಿಲ್ಲಿಸಿ, ಇಂಜಿನ್ ತಣ್ಣಗಾಗಲಿ. ನಿಧಾನ ಓಡಿಸುವಾಗ ಅದಕ್ಕೆ ಗಾಳಿ ಸಿಗುವುದಿಲ್ಲ.

ಭಾನುವಾರ ಬೆಳಗ್ಗೆ ಖಾಲಿ ಮೈದಾನಕ್ಕೆ ಹೋಗಿ. ಹೆಲ್ಮೆಟ್, ಶೂ ಇರಲಿ. ಫಸ್ಟ್ ಗೇರ್ ಹಾಕಿ, ಆಕ್ಸಿಲರೇಟರ್ ಚೂರೇ ಕೊಟ್ಟು ಒಂದೇ ಸಮ ಹಿಡಿದುಕೊಳ್ಳಿ. ಎಡಗೈ ಬೆರಳನ್ನು ನಿಧಾನಕ್ಕೆ ಬಿಡುತ್ತಾ ಬನ್ನಿ. ಒಂದು ಹಂತದಲ್ಲಿ ಇಂಜಿನ್ ಸದ್ದು ಸ್ವಲ್ಪ ತಗ್ಗಿ ಗಾಡಿ ಮುಂದಕ್ಕೆ ಜಗ್ಗುತ್ತದೆ. ಆ ಜಾಗ ಕೈಗೆ ಚೆನ್ನಾಗಿ ಗೊತ್ತಾಗಬೇಕು. ಮೊದಲ ದಿನ ಅಷ್ಟೇ ಮಾಡಿದರೂ ಸಾಕು. ಆಮೇಲೆ ಸುಣ್ಣದಲ್ಲಿ ಉದ್ದಕ್ಕೊಂದು ಗೆರೆ ಎಳೆದು, ಬಲಗಾಲಲ್ಲಿ ಬ್ರೇಕ್ ಸವರುತ್ತಾ ಎಷ್ಟು ನಿಧಾನ ಹೋಗಬಹುದೋ ಅಷ್ಟು ನಿಧಾನ ಹೋಗಿ. 2019ರ ಏಪ್ರಿಲ್ ನಂತರ ಬಂದ 125 ಸಿಸಿವರೆಗಿನ ಬಹುಪಾಲು ಗಾಡಿಗಳಲ್ಲಿ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಆದ್ದರಿಂದ ಪಾದ ಹಗುರವಾಗಿರಲಿ.

ತಿರುವಿನಲ್ಲಿ ಮುಂದಿನ ಬ್ರೇಕ್ ಮುಟ್ಟಲೇಬೇಡಿ. ನಮ್ಮ ಭಾವನ ಕ್ಲಾಸಿಕ್ 350 ಬಿದ್ದಿದ್ದು ಹಾಗೇ. 195 ಕೆಜಿ ಗಾಡಿ. ಹ್ಯಾಂಡಲ್ ಪೂರ್ತಿ ಬಲಕ್ಕೆ ತಿರುಗಿತ್ತು, ಎರಡೇ ಬೆರಳಲ್ಲಿ ಲಿವರ್ ಎಳೆದರು. ಮುಂದಿನ ಚಕ್ರ ನಿಂತಿತು, ಭಾರವೆಲ್ಲ ಒಳಗಡೆಗೆ ಬಂತು. ಅಷ್ಟು ಭಾರವನ್ನು ಕಾಲು ತಡೆಯುವುದಿಲ್ಲ. ಲೆಗ್ ಗಾರ್ಡ್ ಇದ್ದಿದ್ದರಿಂದ ಮಂಡಿ ಉಳಿಯಿತು.

ಗಾಡಿ ಎತ್ತಿ ನಿಲ್ಲಿಸಿದ ಮೇಲೆ ಅವರನ್ನೇ ಗಮನಿಸಿದೆ. ತಿರುಗಿಸುವಾಗಲೆಲ್ಲ ಕಣ್ಣು ತಿರುವಿನ ಗುರುತಿಗೆ ನಾನಿಟ್ಟ ಇಟ್ಟಿಗೆ ಮೇಲೆಯೇ ಇತ್ತು. ಗಾಡಿಯೂ ಅಲ್ಲಿಗೇ ಹೋಗುತ್ತಿತ್ತು. ನಾನು ತಿರುವಿನ ಆಚೆ ಹೋಗಿ ನಿಂತೆ. "ಭಾವ, ಇಟ್ಟಿಗೆ ಬಿಡಿ, ನನ್ನ ಮುಖ ನೋಡ್ಕೊಂಡು ಬನ್ನಿ" ಅಂದೆ. ಕತ್ತು ತಿರುಗಿತು, ಭುಜ ತಿರುಗಿತು, ಗಾಡಿ ಸಲೀಸಾಗಿ ಸುತ್ತಿ ನನ್ನ ಮುಂದೆ ಬಂತು. ಅವರ ಮುಖದಲ್ಲಿ ಆಗ ಕಂಡ ಖುಷಿಗೋಸ್ಕರವೇ ನಾನು ಇದನ್ನು ಹೇಳಿಕೊಡುವುದು.

ಆರ್‌ಟಿಒ ಟೆಸ್ಟ್‌ಗೆ ಅಂತ 8 ಹಾಕಲು ಕಲಿತು ಅಲ್ಲಿಗೇ ಬಿಟ್ಟವರು ಬಹಳ. ಅದನ್ನೇ ಮತ್ತೆ ಹಾಕಿ, ಈ ಸಲ ದಿನದಿನಕ್ಕೂ ಸಣ್ಣದು ಮಾಡುತ್ತಾ ಹೋಗಿ. ತಿರುವು ಬಿಗಿಯಾದಾಗ ಗಾಡಿಯನ್ನು ಒಳಕ್ಕೆ ವಾಲಿಸಿ, ನೀವು ಸೀಟಿನ ಮೇಲೆ ಸ್ವಲ್ಪ ಹೊರಗಡೆಗೆ ಭಾರ ಹಾಕಿ.

ಒಬ್ಬರೇ ಚೆನ್ನಾಗಿ ಓಡಿಸಿದ ಮೇಲೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಇದನ್ನೆಲ್ಲ ಮೊದಲಿನಿಂದ ಮಾಡಿ. ದಿನಾ ಮನೆಯವರನ್ನು ಕೂರಿಸಿಕೊಂಡು ಹೋಗುವವರು ನಾವು, ಅಲ್ವಾ? ತಿರುವಿನಲ್ಲಿ ಅಲುಗಾಡದೆ ಕೂತಿರಬೇಕು ಅಂತ ಅವರಿಗೆ ಮೊದಲೇ ಹೇಳಿರಿ.