ಬಿಳಿ ಹೊಗೆ ಬಿಟ್ಟುಕೊಂಡು ಗುಡ್ಡ ಹತ್ತಿದ ಜೀಪು

ಟಾರು ರಸ್ತೆ ಮುಗಿಯುವವರೆಗೆ ಹಳೆ ಡೀಸೆಲ್ ಜೀಪು ಚೆನ್ನಾಗಿಯೇ ಓಡಿತು. ಕಲ್ಲು ದಾರಿಯ ಮೊದಲ ಕಡಿದಾದ ಏರಿನಲ್ಲಿ ಎಳೆತ ಕಮ್ಮಿಯಾಯಿತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಇಂಜಿನ್ ಮೇಲೇಳಲಿಲ್ಲ. ಹಿಂದೆ ದಟ್ಟ ಬಿಳಿ ಹೊಗೆ. ಮುಂದಿನ ತಿರುವಿನಲ್ಲಿ ಪೂರ್ತಿ ನಿಂತೇಹೋಯಿತು.

ಚಕ್ರಕ್ಕೆ ಕಲ್ಲು ಕೊಟ್ಟು ಇಳಿದೆವು.

"ಹೆಡ್ ಗ್ಯಾಸ್ಕೆಟ್ ಹೋಗಿದೆ ಕಣೋ, ವಾಪಸ್ ಹೋಗೋಣ" ಎಂದ ಗೆಳೆಯ.

ಬಿಳಿ ಹೊಗೆ ಕಂಡರೆ ಮೊದಲು ಬರುವ ಭಯ ಅದೇ ಅಲ್ವಾ? ಇಂಜಿನ್ನಿನ ತಲೆಭಾಗವನ್ನು ಸೋರದಂತೆ ಮುಚ್ಚುವ ಆ ಹಾಳೆ ಹಾಳಾದರೆ, ಇಂಜಿನ್ ತಂಪು ಮಾಡುವ ದ್ರವ, ಅಂದರೆ ಕೂಲಂಟ್, ಒಳಗೆ ಸೇರುತ್ತದೆ. ಆದರೆ ಈ ಹೊಗೆ ಕಣ್ಣು ಉರಿಸುತ್ತಿತ್ತು, ಹಸಿ ಡೀಸೆಲ್ ವಾಸನೆ ಹೊಡೆಯುತ್ತಿತ್ತು. ಕೂಲಂಟ್ ಉರಿದರೆ ವಾಸನೆ ಸ್ವಲ್ಪ ಸಿಹಿಯಾಗಿರುತ್ತದೆ. ಕೂಲಂಟ್ ಬಾಟಲಿ ನೋಡಿದೆವು, ಮಟ್ಟ ಒಂದಿಷ್ಟೂ ಇಳಿದಿರಲಿಲ್ಲ. ಅಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಸರಿಯಾಗಿ ಉರಿಯುತ್ತಿಲ್ಲ. ನನ್ನ ಅನುಮಾನ ಡೀಸೆಲ್ ಪೈಪಿನಲ್ಲಿ ಸೇರಿದ ಗಾಳಿಯ ಮೇಲೆ ಹೋಯಿತು. ಗಾಳಿ ಕುಗ್ಗುತ್ತದೆ, ಡೀಸೆಲ್ ಅಷ್ಟು ಸುಲಭವಾಗಿ ಕುಗ್ಗುವುದಿಲ್ಲ. ಪಂಪಿನ ಒತ್ತಡ ಗುಳ್ಳೆ ಹಿಂಡುವುದರಲ್ಲೇ ಮುಗಿದುಹೋಗಿ, ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ನೆಟ್ಟಗೆ ಸಿಂಪಡಿಸುವುದಿಲ್ಲ.

ಟ್ಯಾಂಕ್ ಮುಚ್ಚಳ ತೆಗೆದಾಗ ಗಾಳಿ ಎಳೆದ ಸದ್ದು ಬರಲಿಲ್ಲ, ಹಾಗಾಗಿ ಟ್ಯಾಂಕಿಗೆ ಗಾಳಿ ಬಿಡುವ ಮುಚ್ಚಳದ ತೂತು ಕಟ್ಟಿರಲಿಲ್ಲ. ಫಿಲ್ಟರ್ ಕೆಳಗಿನ ಸ್ಕ್ರೂ ಸಡಿಲಿಸಿದರೆ ನೀರೂ ಇಲ್ಲ. ಗಾಳಿ ಹೊರಬಿಡಲು ಇರುವ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದೆ. ಬುರುಬುರು ಅಂತ ನೊರೆ ಬಂತು, ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಒಳಗೆ ಉಳಿದ ಗಾಳಿಯಷ್ಟೇ ಆಗಿದ್ದರೆ ಮುಗಿಯಬೇಕಿತ್ತು. ಎಲ್ಲಿಂದಲೋ ಹೊಸದಾಗಿ ಸೇರುತ್ತಿತ್ತು.

ಆಗ ಮಾಡಿದ ಪರೀಕ್ಷೆ ನನಗೆ ತುಂಬಾ ಇಷ್ಟ. ಟ್ಯಾಂಕಿನಿಂದ ಬರುವ ಪೈಪ್ ಬಿಚ್ಚಿ, ಡೀಸೆಲ್ ಕ್ಯಾನಿನಿಂದ ಬೇರೆ ಹೋಸ್ ಹಾಕಿ ನೇರ ಪಂಪಿಗೆ ಕೊಟ್ಟೆವು. ನೊರೆ ನಿಂತಿತು! ಪಂಪು, ಫಿಲ್ಟರ್, ಇಂಜೆಕ್ಟರ್ ಯಾವುದನ್ನೂ ಬಿಚ್ಚದೆ ತೊಂದರೆ ಟ್ಯಾಂಕ್ ಕಡೆಯದೇ ಅಂತ ಗೊತ್ತಾಯಿತು.

ಗೆಳೆಯ ಜೀಪಿನ ಕೆಳಗೆ ಮಲಗಿ ಪೈಪ್ ಉದ್ದಕ್ಕೂ ಕೈಯಾಡಿಸಿದ. ಎಲ್ಲೂ ಒಂದು ಹನಿ ಡೀಸೆಲ್ ಇರಲಿಲ್ಲ. ಆ ಭಾಗದಲ್ಲಿ ಪಂಪು ಎಳೆಯುತ್ತಿರುತ್ತದೆ, ಬಿರುಕು ಬಿಟ್ಟಲ್ಲಿ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಹೋಗುತ್ತದೆ. ಏರಿನಲ್ಲಿ ಜೀಪಿನ ಮೂತಿ ಮೇಲಾದಾಗ ಪಂಪು ಟ್ಯಾಂಕಿಗಿಂತ ಇನ್ನೂ ಎತ್ತರಕ್ಕೆ ಹೋಗಿ, ಜಾಸ್ತಿ ಜೋರಾಗಿ ಎಳೆಯಬೇಕಾಗುತ್ತದೆ. ಸಮತಟ್ಟಿನಲ್ಲಿ ತೊಂದರೆ ಕಾಣದಿದ್ದದ್ದು ಇದಕ್ಕೇ. ಕೊನೆಗೆ ಕ್ಲಿಪ್ಪಿನ ಪಕ್ಕದಲ್ಲೇ ಸಿಕ್ಕಿತು: ಒಣಗಿ ಗಟ್ಟಿಯಾದ ರಬ್ಬರಿನಲ್ಲಿ, ಬಗ್ಗಿಸಿದರೆ ಮಾತ್ರ ಕಾಣುವ ಸೀಳು. ಆ ತುದಿ ಕತ್ತರಿಸಿ, ಉಳಿದ ಪೈಪನ್ನು ಅದೇ ಜಾಗಕ್ಕೆ ತಳ್ಳಿ ಕೂರಿಸಿ ಹೊಸ ಕ್ಲಿಪ್ ಬಿಗಿದೆವು. ಮತ್ತೆ ಗಾಳಿ ತೆಗೆದು ಸ್ಟಾರ್ಟ್ ಮಾಡಿದರೆ ಒಂದು ದೊಡ್ಡ ಬಿಳಿ ಮೋಡ ಬಂತು, ಆಮೇಲೆ ಹೊಗೆ ತಿಳಿಯಾಯಿತು.

ಮೇಲೆ ಹೋದಂತೆ ಕಪ್ಪು ಹೊಗೆ ಶುರುವಾಯಿತು. ಇದು ಬೇರೆಯದೇ ವಿಷಯ. 1,000 ಮೀಟರ್ ಏರಿದರೆ ಗಾಳಿಯ ಒತ್ತಡ ಸುಮಾರು 10 ರಿಂದ 12 ಶೇಕಡಾ ಕಮ್ಮಿಯಾಗುತ್ತದೆ. ಟರ್ಬೊ, ಅಂದರೆ ಗಾಳಿಯನ್ನು ಒತ್ತಿ ತುಂಬುವ ಸಾಧನ, ಇಲ್ಲದ ಹಳೆ ಇಂಜಿನ್ನಿನ ಪಂಪಿಗೆ ಅದು ತಿಳಿಯುವುದಿಲ್ಲ, ಕೆಳಗಿನಷ್ಟೇ ಡೀಸೆಲ್ ಕೊಡುತ್ತದೆ. ಗಾಳಿ ಸಾಲದೆ ಅದು ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ. ಏರ್ ಫಿಲ್ಟರ್ ಬೇರೆ ಧೂಳು ಹಿಡಿದಿತ್ತು, ತೆಗೆದು ಕೊಡವಿದೆವು. ಇಂಥ ಕಡೆ ಸುಮ್ನೆ ಪೆಡಲ್ ತುಳಿದರೆ ಹೊಗೆ, ಬಿಸಿ ಎರಡೂ ಹೆಚ್ಚುತ್ತವೆ. ಲೋ ಗೇರಿಗೆ ಹಾಕಿ, ಅರ್ಧ ಪೆಡಲಿನಲ್ಲಿ ನಿಧಾನಕ್ಕೆ ಹತ್ತಿಸಿದೆವು. ಬೆಳಕಿರುವಾಗಲೇ ತುದಿ ಸೇರಿದೆವು. ಗುಡ್ಡ ಇಳಿಯುವ ಮುಂಚೆ ಗೆಳೆಯ, ಮಿಕ್ಕ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಪೈಪನ್ನೂ ಬಗ್ಗಿಸಿ ಬಗ್ಗಿಸಿ ನೋಡಿದ.