ನಿಮ್ಮ ಹೆಸರಲ್ಲಿ ಏನಿದೆ?

ಮಂಗಳವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ನಿಮ್ಮ ಯಜಮಾನರದ್ದು ಬಿಡಿ, ನಿಮ್ಮ ಹೆಸರಲ್ಲಿ ಏನಿದೆ?"

ಕೇಳಿದ್ದು ಇಲ್ಲಿ ಬ್ರಿಟನ್ನಿನ ಸರ್ಕಾರಿ ಹೆಲ್ಪ್‌ಲೈನಿನ ಹುಡುಗ. ಅವನ ಇಂಗ್ಲಿಷು ನನ್ನ ಕಿವಿಗೆ ಬಿದ್ದಿದ್ದು ಹೀಗೆ. ನಲವತ್ತು ನಿಮಿಷ ಫೋನ್ ಸ್ಪೀಕರಿಗೆ ಹಾಕಿ, ಫ್ರೋಜನ್ ಅವರೆಕಾಳು ಹಿದುಕುತ್ತಾ ಕಾದಿದ್ದೆ. ಅವನು ಆ ಮಾತು ಕೇಳಿದಾಗ ಕೈಯಲ್ಲಿದ್ದ ಕಾಳು ಕೈಯಲ್ಲೇ ಉಳಿಯಿತು.

ಮಗ ಹುಟ್ಟಿದ್ದು 2016ರಲ್ಲಿ. ಆಗ ನಮ್ಮದು ವರ್ಕ್ ವೀಸಾ, ಚೈಲ್ಡ್ ಬೆನಿಫಿಟ್, ಅಂದರೆ ಮಕ್ಕಳಿಗಾಗಿ ಸರ್ಕಾರ ಕೊಡುವ ದುಡ್ಡು, ಕೇಳುವ ಹಾಗೇ ಇರಲಿಲ್ಲ. 2019ರಲ್ಲಿ ಪಿಆರ್ (ಕಾಯಂ ಇರಲು ಅನುಮತಿ) ಸಿಕ್ಕಾಗ ನಾನೇ ನೆನಪಿಸಿದ್ದೆ. "ನನ್ನ ಸಂಬಳ ಅರವತ್ತು ಸಾವಿರ ಪೌಂಡ್ ದಾಟಿದೆ, ಬಂದಿದ್ದೆಲ್ಲ ಟ್ಯಾಕ್ಸಲ್ಲಿ ವಾಪಸ್ ಹೋಗತ್ತೆ, ಸುಮ್ನೆ ಯಾಕೆ?" ಅಂದರು ಇವರು. ಲೆಕ್ಕ ಸರಿಯಾಗೇ ಇತ್ತು. ಅವರ ಲೆಕ್ಕ.

ನನ್ನ ಲೆಕ್ಕ ಬೇರೆ ಇತ್ತು ಅಂತ ಈ ವಾರ ಗೊತ್ತಾಯಿತು. ಮಗು ಹನ್ನೆರಡು ತುಂಬುವವರೆಗೆ, ಮನೆಯಲ್ಲಿರುವ ತಾಯಿ ಹೆಸರಲ್ಲಿ ಅರ್ಜಿ ಹಾಕಿದ್ದರೆ ಅವಳ ಸರ್ಕಾರಿ ಪೆನ್ಷನ್ನಿಗೆ ವರ್ಷಕ್ಕೊಂದು ಕ್ರೆಡಿಟ್ ಬೀಳುತ್ತದೆ, ಅಂದರೆ ದುಡಿಯದಿದ್ದರೂ ಆ ವರ್ಷ ಲೆಕ್ಕಕ್ಕೆ ಸೇರುತ್ತದೆ. ದುಡ್ಡು ಬೇಡ ಅಂತ ಒಂದು ಟಿಕ್ ಹಾಕಿದರೂ ಕ್ರೆಡಿಟ್ ಬಂದೇ ಬರುತ್ತದೆ. ತಡವಾದರೆ ಹಿಂದಿನದು ಸಿಗುವುದು ಮೂರೇ ತಿಂಗಳು. ಫೋನಲ್ಲಿ ನನ್ನ ಪೆನ್ಷನ್ ದಾಖಲೆ ತೆಗೆದು ನೋಡಿದೆ. 2019ರಿಂದ ಸಾಲಾಗಿ ಆರು ವರ್ಷ, ಪ್ರತಿಯೊಂದರ ಪಕ್ಕದಲ್ಲೂ "ಪೂರ್ತಿ ಆಗಿಲ್ಲ". ಮಗ ಹುಟ್ಟುವ ಮುಂಚೆ ಕೆಲಸ ಮಾಡಿದ ಎರಡು ವರ್ಷ ಮಾತ್ರ ಪೂರ್ತಿ. ಇಲ್ಲಿ ಹೀಗೆ ಪೂರ್ತಿಯಾದ ಹತ್ತು ವರ್ಷ ಇಲ್ಲದಿದ್ದರೆ ಒಂದು ಪೆನ್ನಿಯೂ ಇಲ್ಲ, ಪೂರಾ ಪೆನ್ಷನ್ನಿಗೆ ಮೂವತ್ತೈದು ಬೇಕು.

2025ರ ಲೆಕ್ಕದಲ್ಲಿ ಪೂರಾ ಪೆನ್ಷನ್ ವಾರಕ್ಕೆ 230 ಪೌಂಡ್ ಚಿಲ್ಲರೆ. ಅಂದರೆ ತಪ್ಪಿದ ಒಂದೊಂದು ವರ್ಷಕ್ಕೂ ಪೆನ್ಷನ್ನಿನಲ್ಲಿ ವರ್ಷಕ್ಕೆ ಸುಮಾರು 340 ಪೌಂಡ್ ಕಡಿಮೆ, ಬದುಕಿರುವಷ್ಟು ಕಾಲ. ಕೈಯಿಂದ ಕಟ್ಟಿ ತುಂಬಿಸೋಣ ಅಂದರೆ ವರ್ಷಕ್ಕೆ 920ರ ಮೇಲೆ. ಹೀಗೆ ತಪ್ಪಿಹೋದವರಿಗೆ ಹಳೆ ವರ್ಷಗಳ ಕ್ರೆಡಿಟ್ ಕೊಡಲು ದಾರಿ ಮಾಡುತ್ತೇವೆ ಅಂತ ಸರ್ಕಾರ 2023ರಲ್ಲೇ ಹೇಳಿದೆ, ಅದಕ್ಕೇ ಸದ್ಯಕ್ಕೆ ಚೆಕ್ ಬರೆಯುತ್ತಿಲ್ಲ.

ಇವರ ಮೇಲೆ ಸಿಟ್ಟೇನಿಲ್ಲ ಅಂದರೆ ಸುಳ್ಳಾಗುತ್ತದೆ. ಕೆಟ್ಟವರಲ್ಲ, ಪಾತ್ರೆ ತೊಳೆಯುತ್ತಾರೆ, ಮಗನನ್ನು ಈಜಿಗೆ ಕರೆದುಕೊಂಡು ಹೋಗುತ್ತಾರೆ. ಆದರೆ "ನಮಗೆ ಬೇಡ" ಅಂದಾಗ ಆ ನಮಗೆ ಅನ್ನೋದರಲ್ಲಿ ನಾನು ಇರಲೇ ಇಲ್ಲ. ನಾನೂ ತಲೆ ಆಡಿಸಿದೆ ಅನ್ನೋದೇ ಜಾಸ್ತಿ ಚುಚ್ಚುತ್ತಿದೆ. ಬಿಕಾಂ ಓದಿ ಅಕೌಂಟ್ಸ್ ಮಾಡಿದವಳು ನಾನು!

ತುಮಕೂರಿಗೆ ಫೋನ್ ಮಾಡಿ ಅಮ್ಮನ ಹತ್ತಿರ ಅತ್ತುಬಿಟ್ಟೆ. "ಅಳಿಯಂದಿರಿಗೆ ಬರತ್ತಲ್ಲ, ನಿನಗ್ಯಾಕೆ ಚಿಂತೆ?" ಅಂದರು. ಹೇಳುತ್ತಿರುವವರು ಯಾರು ನೋಡಿ. ಸರ್ಕಾರಿ ಶಾಲೆ ಟೀಚರಾಗಿ ರಿಟೈರ್ ಆದವರು. ಪ್ರತಿ ನವೆಂಬರಲ್ಲಿ ಇಸ್ತ್ರಿ ಸೀರೆ ಉಟ್ಟು, ಬದುಕಿದ್ದೀನಿ ಅಂತ ಸರ್ಟಿಫಿಕೇಟ್ ಕೊಡಲು ಬ್ಯಾಂಕಿಗೆ ಹೋಗುತ್ತಾರೆ. ಅಪ್ಪನ ಹತ್ತಿರ ಸೊಪ್ಪಿಗೆ ದುಡ್ಡು ಕೇಳಿದ್ದನ್ನು ನಾನಂತೂ ನೋಡಿಲ್ಲ. "ಅಮ್ಮಾ, ನಿನ್ನ ಹೆಸರಲ್ಲಿ ಇದೆಯಲ್ಲ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೂಂ, ಅದು ಹೌದು" ಅಂದರು.

ರಾತ್ರಿ ಇವರೇ ಲ್ಯಾಪ್‌ಟಾಪ್ ತೆಗೆದು ಅರ್ಜಿ ತುಂಬಲು ಕೂತರು. ಅರ್ಜಿದಾರರ ಹೆಸರು ಅಂತ ಬಂತು. ಅಭ್ಯಾಸಬಲ, ತಮ್ಮ ಹೆಸರಿನ ಮೊದಲ ಅಕ್ಷರ ಒತ್ತೇಬಿಟ್ಟಿದ್ದರು. ನಾನು ಕೆಮ್ಮಿದೆ. ನಕ್ಕು ಅಳಿಸಿದರು.